ನಪಾಸಾದ ಕೇಂದ್ರದವರು

ಜೆ.ಪಿ. ನಗರದ ಮನೆಯಲ್ಲಿ ಕೂತು ನಾನು ಮಾಡುವ ಕೆಲಸವನ್ನು ವಿವರಿಸುವುದು ಸ್ವಲ್ಪ ಕಷ್ಟ. ವಿದೇಶದ ಒಂದು ದೊಡ್ಡ ಯಂತ್ರದೊಳಗೆ ಕಣಗಳನ್ನು ಡಿಕ್ಕಿ ಹೊಡೆಸಿದಾಗ ಹೊರಬೀಳುವ ಮಾಹಿತಿ ಒಂದೇ ಕಡೆ ಹಿಡಿಸುವುದಿಲ್ಲ. ಹಾಗಾಗಿ ಅದನ್ನು ಹಲವು ದೇಶಗಳ ಕಂಪ್ಯೂಟರ್ ಕೇಂದ್ರಗಳಿಗೆ ಹಂಚಿಟ್ಟಿದ್ದಾರೆ. ವಿಜ್ಞಾನಿಗಳ ಲೆಕ್ಕಗಳು ನಡೆಯುವುದು ಅಲ್ಲೇ. ಆ ಕೇಂದ್ರಗಳು ನೆಟ್ಟಗಿವೆಯೇ ಎಂದು ನೋಡಲು ನಮ್ಮ ಪ್ರೋಗ್ರಾಂ ತಾನಾಗಿಯೇ ಪುಟ್ಟ ಪುಟ್ಟ ಪರೀಕ್ಷೆಗಳನ್ನು ಕಳಿಸುತ್ತಿರುತ್ತದೆ. ಉತ್ತರ ಬಂದರೆ ಹಸಿರು, ಬಾರದಿದ್ದರೆ ಕೆಂಪು. ಕೆಂಪು ಮುಂದುವರಿದರೆ ಆ ಕೇಂದ್ರಕ್ಕೆ ನಿಜವಾದ ಕೆಲಸ ಹೋಗುವುದೇ ನಿಂತುಬಿಡುತ್ತದೆ.

ಕಳೆದ ವರ್ಷ ಹೊರರಾಜ್ಯದ ಒಂದು ಸಣ್ಣ ಕೇಂದ್ರ ಹೀಗೆ ಕೆಂಪಾಯಿತು. ಅದನ್ನು ನೋಡಿಕೊಳ್ಳುವವರಿಗೂ ನನಗೂ ಇಂಗ್ಲಿಷಿನಲ್ಲಿ ಮೇಲ್ ಮೇಲೆ ಮೇಲ್. ಅವರು ಕಳಿಸಿದ ವಿವರಗಳಲ್ಲಿ ಎಲ್ಲವೂ ಸರಿಯಾಗಿತ್ತು. ನನ್ನ ಪರೀಕ್ಷೆಯಲ್ಲೂ ತಪ್ಪು ಕಾಣಲಿಲ್ಲ. ಆದರೂ ನಪಾಸು. ಓದಿದಷ್ಟೂ ನನಗೆ ತಲೆಬುಡ ತಿಳಿಯದಾಯಿತು.

ಒಂದು ದಿನ ಅವರೇ ಬರೆದರು: ಬಿಟಿಎಂ ಬಡಾವಣೆಯಲ್ಲಿರುವ ತಂಗಿಯ ಮನೆಗೆ ಬರುತ್ತಿದ್ದೇನೆ, ಭೇಟಿಯಾಗಬಹುದೇ? ಜಯನಗರದ ಒಂದು ದರ್ಶಿನಿಗೆ ಬರಹೇಳಿದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ.

“ನಮಸ್ಕಾರ್ರೀ ಮೇಡಂ,” ಎಂದರು, ನರೆಗೂದಲಿನ ಒಬ್ಬರು.

“ಅಯ್ಯೋ, ನೀವು ಕನ್ನಡದವ್ರಾ? ಇಷ್ಟು ದಿನ ಇಂಗ್ಲಿಷಲ್ಲಿ ಬೈದಾಡ್ಕೊಂಡ್ವಲ್ಲ ಸಾರ್!”

ಅವರು ನಕ್ಕರು. ಆಮೇಲೆ ಗಂಭೀರವಾದರು. “ನಮ್ಮ ಹುಡುಗ್ರ ಪಿಎಚ್‌ಡಿ ಕೆಲಸ ನಿಂತೈತ್ರಿ. ನಾವೇನ್ ತಪ್ಪ್ ಮಾಡೇವಿ ಅಂತ ಅಷ್ಟ ಹೇಳ್ರಿ. ಸರಿ ಮಾಡ್ತೀವಿ.”

ಫಲಿತಾಂಶವನ್ನೇ ತೋರಿಸೋಣವೆಂದು ಕಾಫಿ ಲೋಟಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದೆ. ಅವರ ಕೇಂದ್ರದ ಸಾಲು ಹಸಿರಾಗಿತ್ತು.

ಪುಟವನ್ನು ಮುಚ್ಚಿ ಮತ್ತೆ ತೆರೆದೆ. ಹಸಿರೇ.

“ಏನ್ ಮಾಡಿದ್ರಿ ಮೇಡಂ?”

“ನಾನೇನೂ ಮುಟ್ಟಿಲ್ಲ. ನೀವು?”

“ನಾ ಮುಂಜಾನಿಂದ ತಂಗಿ ಮನ್ಯಾಗ ಉಪ್ಪಿಟ್ಟು ತಿಂದೀನಿ, ಅಷ್ಟ.”

ಅವರು ತಮ್ಮ ಕೇಂದ್ರಕ್ಕೆ ಫೋನ್ ಮಾಡಿದರು. ಅಲ್ಲಿಯೂ ಯಾರೂ ಏನೂ ಬದಲಿಸಿರಲಿಲ್ಲ. ನಾನು ನಿನ್ನೆಯ ಪರೀಕ್ಷೆಯನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅದೇ ಪ್ರೋಗ್ರಾಂ, ಅದೇ ಫೈಲು. ಖುಷಿಪಡಬೇಕಾದವರು ಪೆಚ್ಚಾಗಿ ನಿಂತಿದ್ದರು.

“ಫೇಲ್ ಯಾಕಾತು ಅಂತ ಕೇಳಾಕ ಬಂದಿದ್ದೆ,” ಎಂದರು. “ಈಗ ಪಾಸ್ ಯಾಕಾತು ಅಂತ ಕೇಳಬೇಕಾತು. ನಾಳಿ ಮತ್ತ ಕೆಂಪಾದ್ರ ನಾ ಏನ್ ನೋಡ್ಲಿ?”

ಆಗ ನನಗೂ ಒಳಗೊಳಗೇ ಭಯವಾಯಿತು. ಈ ಕೆಂಪನ್ನು ನಂಬಿ ಎಷ್ಟು ಕೇಂದ್ರಗಳಿಗೆ ಪಾಠ ಹೇಳಿದ್ದೆನೋ! ಅವರಿಗೆ ಅದನ್ನು ಹೇಳಿಯೇಬಿಟ್ಟೆ. “ಇರ್ಲಿ ಬಿಡ್ರಿ, ನನಗೂ ಅಂಜಿಕಿ ಆಗೇತಿ,” ಎಂದು ಇನ್ನೆರಡು ಕಾಫಿ ತಂದರು.

ಸೋಮವಾರ ನಮ್ಮ ಮೇಲಧಿಕಾರಿ, “ಆ ಕೇಂದ್ರದ ದೂರಿಗೆ ನೆಟ್‌ವರ್ಕ್ ಪ್ರಾಬ್ಲಂ ಅಂತ ಹಾಕಿ ಕ್ಲೋಸ್ ಮಾಡಿ,” ಎಂದರು. ನನಗೆ ಮನಸ್ಸು ಬರಲಿಲ್ಲ. ಕಾರಣ ತಿಳಿದಿಲ್ಲ ಎಂದೇ ಬರೆದೆ. ಮೇಲಧಿಕಾರಿ ಒಪ್ಪಲಿಲ್ಲ, ನಾನು ಬರೆದಿದ್ದನ್ನು ತಾವೇ ‘ನೆಟ್‌ವರ್ಕ್’ ಎಂದು ತಿದ್ದಿದರು.

ಆ ಕೇಂದ್ರ ಮತ್ತೆ ಕೆಂಪಾಗಿಲ್ಲ. ಆಗಾಗ ಅಲ್ಲಿನ ಆ ನರೆಗೂದಲಿನವರ ಫೋನ್ ಬರುತ್ತದೆ.

“ಹಸಿರೈತ್ರಿ ಮೇಡಂ. ನಿಮಗೇನರ ತಿಳೀತ?”

“ಇಲ್ಲ ಸಾರ್. ನಿಮ್ಗೆ?”

“ನನಗೂ ಇಲ್ಲ,” ಎನ್ನುತ್ತಾರೆ. ಆಮೇಲೆ ತಂಗಿಯ ಮಗಳಿಗೆ ಇಲ್ಲಿ ಯಾವ ಕಾಲೇಜು ಒಳ್ಳೆಯದು ಎಂದು ವಿಚಾರಿಸುತ್ತಾರೆ.