ಗುತ್ತೂರಿನಲ್ಲಿ ನಾನು ಸತ್ತ ಮಧ್ಯಾಹ್ನ

ವಿಮಾ ಏಜೆಂಟ್ ಆದ ಹೊಸದರಲ್ಲಿ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಮಿಮಿಕ್ರಿ. ಅದಕ್ಕೂ ಮೊದಲು ಮಾವನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದೆ. ಗಿರಾಕಿ ಹೊಸ್ತಿಲು ದಾಟಿ ಹೋದ ಕೂಡಲೇ ಅವರಂತೆ ಮಾತಾಡಿ ತೋರಿಸುತ್ತಿದ್ದೆ. ಒಂದು ದಿನ ಮಾವನಂತೆ ಮಾತಾಡುವಾಗ ಮಾವ ಹಿಂದೆಯೇ ನಿಂತಿದ್ದರು. ಹಾಗೆ ನಾನು ವಿಮೆಗೆ ಬಂದೆ.

ಮೂರು ತಿಂಗಳಾದರೂ ಒಂದೂ ಪಾಲಿಸಿ ತರಲಿಲ್ಲ. ನಮ್ಮ ಆಫೀಸರ್ ಕನ್ನಡಕ ಒರೆಸುತ್ತ ಹೇಳಿದರು: "ಮನಿ ಮನಿ ತಿರುಗಿದ್ರೆ ನಿನ್ನ ಮಖ ನೋಡಿ ಯಾರೂ ನಂಬಲ್ಲ. ಸೆಮಿನಾರ್ ಮಾಡು. ಎರಡು ಚಾನ್ಸ್ ಕೊಡ್ತೀನಿ. ಆಮ್ಯಾಲೂ ಒಂದು ಫಾರಂ ಬರಲಿಲ್ಲ ಅಂದ್ರೆ ಹೋಗಿ ನಿಮ್ಮ ಮಾವನ ಕಾಲಿಗೆ ಬೀಳು."

ಮೊದಲನೆಯದು ದಾವಣಗೆರೆಯ ಆನೆಕೊಂಡದ ಸಮುದಾಯ ಭವನದಲ್ಲಿ. ಮಂಡಕ್ಕಿ, ಮಿರ್ಚಿ ಇದೆ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿದ್ದರಿಂದ ಭವನ ತುಂಬಿತು. ಆಫೀಸರ್ ಕಲಿಸಿದಂತೆ, ಎದುರಿಗೆ ಕೂತವರನ್ನೇ ಉದಾಹರಣೆಗೆ ತಗೊಂಡೆ. ಮುಂದಿನ ಸಾಲಿನಲ್ಲಿ ಬಿಳಿ ಅಂಗಿಯ ಯಜಮಾನರು, ಪಕ್ಕದಲ್ಲಿ ಅವರ ಹೆಂಡತಿ.

"ಈಗ ನೋಡ್ರಿ, ಈ ಸರ್ ನಾಳೆ ಬೆಳಿಗ್ಗೆ ಇಲ್ಲ ಅಂತ ಇಟ್ಕೊಳ್ರಿ..."

"ಬಿಡ್ತು ಅನ್ನೋ!" ಆ ತಾಯಿ ಎದ್ದೇ ನಿಂತರು. "ಸೋಮವಾರ ದಿನ, ದೀಪ ಹಚ್ಚಿ ಬಂದೀನಿ. ಬಾಯಾಗ ಹುಳ ಬಿದ್ದೈತೇನು ನಿನಗ?"

ಬಿಡ್ತು ಅಂದೆ. ಎರಡು ಸಲ ಅಂದೆ. ಸಾಲುಸಾಲಾಗಿ ಎಲ್ಲರೂ ಎದ್ದರು. ಮಿರ್ಚಿಯನ್ನು ಮಾತ್ರ ಯಾರೂ ಅಪಶಕುನ ಎನ್ನಲಿಲ್ಲ, ಪೇಪರಿನಲ್ಲಿ ಕಟ್ಟಿಕೊಂಡೇ ಹೋದರು.

ಎರಡನೆಯದು ಹರಿಹರದ ಪಕ್ಕದ ಗುತ್ತೂರಿನ ಮಹಿಳಾ ಸಂಘದಲ್ಲಿ. ನನ್ನ ಕೊನೆಯ ಸೆಮಿನಾರ್ ನೋಡಲು ಆಫೀಸರ್ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಈ ಸಲ ಯಾರನ್ನೂ ಸಾಯಿಸಬಾರದು ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ.

"ಅಕ್ಕಾರೆ, ನೀವೆಲ್ಲಾ ನೂರು ವರ್ಷ ಇರ್ರಿ. ಇವತ್ತು ಸಾಯೋನು ನಾನೊಬ್ನೆ."

ನನ್ನ ಸಾವಿನ ಮನೆಗೆ ಬಂದವರನ್ನೆಲ್ಲ ಒಬ್ಬನೇ ಆಡಿ ತೋರಿಸಿದೆ. ಮಾವ: "ಹೋದವ ಹೋದ, ಸೀರಿ ಮಾತ್ರ ಚಲೋ ಮಡಚ್ತಿದ್ದ." ಪಕ್ಕದ ಮನೆಯವರು: "ಟೀ ಯಾರು ಮಾಡಿದ್ರು? ಸಕ್ರಿ ಕಮ್ಮಿ ಐತಲ್ಲ." ಉಮೇದಿನಲ್ಲಿ ಆಫೀಸರನ್ನೂ ಬಿಡಲಿಲ್ಲ; ಇಲ್ಲದ ಕನ್ನಡಕ ಒರೆಸುತ್ತ, "ಸಾಯೋನು ಟಾರ್ಗೆಟ್ ಮುಗಿಸಿ ಸಾಯಬಾರದಾಗಿತ್ತೇನಪ್ಪಾ?" ಎಂದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಕುರ್ಚಿ ನಗಲಿಲ್ಲ.

ಕೊನೆಗೆ ಅಮ್ಮನ ಸರದಿ. ಅದೊಂದನ್ನು ಆಡಿ ತೋರಿಸಲಾಗಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟೆ.

ಫ್ಯಾಕ್ಟರಿ ಕೆಲಸದಿಂದ ನೇರ ಬಂದಿದ್ದ ಒಬ್ಬ ಹಿರಿಯಕ್ಕ ಕೇಳಿದರು: "ಎಲ್ಲಾ ಚಂದ ಮಾಡ್ದೆ ತಮ್ಮಾ. ನಿಜವಾಗ್ಲೂ ನೀ ಹೋದ್ರೆ ನಿಮ್ಮವ್ವಂಗೆ ಎಷ್ಟು ಬರ್ತೈತೆ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಏನೂ ಬರಲ್ಲಕ್ಕ. ನಂದೇ ಇನ್ನೂ ಮಾಡ್ಸಿಲ್ಲ."

ಹಿರಿಯಕ್ಕ ಉಳಿದವರ ಕಡೆ ತಿರುಗಿದರು: "ನೋಡ್ರೇ, ತಾ ಉಣ್ಣದ ಅಡಿಗಿ ನಮಗ ಬಡಿಸಾಕ ಬಂದಾನ!"

ಸಂಘವೆಲ್ಲ ಗೊಳ್ಳೆಂದಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆ ಅಕ್ಕ ನಗುತ್ತಲೇ ಚಾಪೆ ತೋರಿಸಿದರು. "ಕುಂದ್ರು ಇಲ್ಲಿ. ಮೊದ್ಲು ನಿಂದು ಬರಿ. ನಾವು ನೋಡ್ತೀವಿ."

ಕೂತು ಬರೆದೆ. ಅವರು ಸುತ್ತ ಬಗ್ಗಿ ಒಂದೊಂದು ಸಾಲಿಗೂ ಇದೇನು, ಅದೇನು ಎಂದು ಕೇಳಿದರು. ನಾಮಿನಿ ಯಾರು, ಕಂತು ತಪ್ಪಿದರೆ ಏನಾಗುತ್ತದೆ, ಎಲ್ಲ ಹೇಳಿದೆ. ಸಿಗರೇಟು ಸೇದುತ್ತೀರಾ ಎಂಬ ಪ್ರಶ್ನೆಗೆ ನನ್ನ ಪೆನ್ನು ನಿಂತಿತು.

"ಯಾಕ ನಿಂತಿ? ಖರೇ ಬರಿ."

"ಒಂದೊಂದ್ಸಲ ಅಕ್ಕ."

"ಥೂ ನಿನ್ನ!"

ಬೈಗುಳ ತಿನ್ನುತ್ತಲೇ ಸಹಿ ಹಾಕಿದೆ. ಅರ್ಧ ಗಂಟೆ ಭಾಷಣ ಮಾಡಿದ್ದರೂ ಅಷ್ಟು ತಿಳಿಯುತ್ತಿರಲಿಲ್ಲ ಅವರಿಗೆ. ಹಿರಿಯಕ್ಕ ಕೈ ಚಾಚಿದರು. "ಹಂಗಾರೆ ನನಗೊಂದು ಫಾರಂ ಕೊಡು." ಹಿಂದೆಯೇ ಇನ್ನೂ ಮೂರು ಕೈ ಬಂದವು.

ಹೊರಗೆ ಆಫೀಸರ್ ಸ್ಕೂಟರ್ ಒದೆಯುತ್ತಿದ್ದರು. "ನಿನ್ನ ಫಾರಂ ಲೆಕ್ಕಕ್ಕಿಲ್ಲ. ಆ ನಾಕು ಅದಾವ. ನಾಳೆ ಹತ್ತಕ್ಕೆ ಆಫೀಸಿಗೆ ಬಾ." ಕನ್ನಡಕ ಒರೆಸುತ್ತ, "ನಾನು ಹಂಗ ಮಾತಾಡ್ತೀನೇನು?" ಎಂದರು.

"ಇಲ್ಲ ಸರ್. ಇನ್ನೂ ಜೋರು."

ಅವರೂ ನಕ್ಕುಬಿಟ್ಟರು.

ಹರಿಹರದಲ್ಲಿ ದಾವಣಗೆರೆ ಬಸ್ಸಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಫಾರಂಗಳ ಚೀಲ ಅವಚಿ ಕೂತವನಿಗೆ ಒಳ್ಳೇ ನಿದ್ದೆ. ಕಂಡಕ್ಟರ್ ಭುಜ ಅಲ್ಲಾಡಿಸಿದಾಗ ನನ್ನ ಸ್ಟಾಪ್ ದಾಟಿ ಬಹಳ ದೂರವಾಗಿತ್ತು. ಬಿಸಿಲಲ್ಲಿ ಅಷ್ಟೂ ದಾರಿ ನಡೆದೇ ವಾಪಸು ಬಂದೆ, ಕಾಲು ನೋಯಲಿಲ್ಲ.