ಕೇಳಿ ಬಡಿಸುವ ರೇಣುಕಾದೇವಿಯವರು

ಅಟ್ಲಾಂಟಾದಲ್ಲಿ ನಿರಾಶ್ರಿತರ ಊಟದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಡಾ. ರೇಣುಕಾದೇವಿಯವರದು. ಬಿಜಾಪುರದಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆಯಾಗಿ ದೀರ್ಘಕಾಲ ದುಡಿದು ಈಗ ನಿವೃತ್ತರಾಗುತ್ತಿರುವ ಈ ತಾಯಿಯ ಕುರಿತು ಬರೆಯಲು ಕುಳಿತರೆ, ಪದವಿ ಪುರಸ್ಕಾರಗಳೆಲ್ಲ ಹಿಂದೆ ಸರಿದು ಹಿಟ್ಟು ಮೆತ್ತಿದ ಅವರ ಸೆರಗೇ ಕಣ್ಣ ಮುಂದೆ ಬರುತ್ತದೆ.

ತೊಂಬತ್ತಾರರ ಚಳಿಗಾಲ. ಬೋಸ್ನಿಯಾದ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮುಸ್ಲಿಂ ಕುಟುಂಬಗಳು ಊರಾಚೆಯ ಅಪಾರ್ಟ್‌ಮೆಂಟುಗಳಲ್ಲಿ ಹೊಸದಾಗಿ ಸಂಸಾರ ಹೂಡುತ್ತಿದ್ದವು. ಒಂದು ಫೋನ್ ಮಾಡಿದರೆ ಕನ್ನಡ ಬಳಗದವರೆಲ್ಲ ಕಾರು ತೆಗೆದುಕೊಂಡು ಓಡಿಬರುತ್ತಿದ್ದ ಕಾಲ ಅದು. ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. "ಹಲಾಲ್ ಗಿಲಾಲ್ ಅಂತ ಕನ್‌ಫ್ಯೂಷನ್ ಬೇಡ, ಪ್ಯೂರ್ ವೆಜಿಟೇರಿಯನ್ ಕೊಟ್ಟುಬಿಡೋಣ" ಎಂದು ಬಳಗದ ಸಭೆ ತೀರ್ಮಾನಿಸಿತು. ಹಿಟ್ಟಿನ ಹೊಣೆ ರೇಣುಕಾದೇವಿಯವರಿಗೆ ಬಂತು. ಬಿಜಾಪುರದ ಹೆಣ್ಣುಮಗಳಿಗೆ ಜೋಳ ಬಿಟ್ಟು ಇನ್ನೇನು ಹೊಳೆದೀತು? ಇಂಡಿಯನ್ ಅಂಗಡಿಗಳನ್ನೆಲ್ಲ ಜಾಲಾಡಿ ಜೋಳದ ಹಿಟ್ಟಿನ ಚೀಲಗಳನ್ನು ವ್ಯಾನಿಗೆ ಹೇರಿಸಿದರು. "ಗಟ್ಟಿ ಊಟ, ಎಲುಬಿಗೆ ಬಲ" ಎಂದು ಅವರಿಗೆ ಎಂಥ ಹಿಗ್ಗು! ನೀವು ಏನು ತಿನ್ನುತ್ತೀರಿ ಎಂದು ಆ ಮನೆಯವರನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಮುಂದಿನ ವಾರ ಮುನೀರಾಳ ಮನೆಗೆ ಹೋದೆವು. ತನ್ನೂರಿನಲ್ಲಿ ಓಣಿಗೆಲ್ಲ ಬ್ರೆಡ್ ಮಾಡಿ ಹಂಚುತ್ತಿದ್ದ ವಿಧವೆ ಆಕೆ. ಮೇಜಿನ ಮೇಲೆ ನಾವು ಕಳಿಸಿದ ಹಿಟ್ಟಿನಲ್ಲಿ ಮಾಡಿದ, ಬಿರುಕು ಬಿಟ್ಟು ಕಲ್ಲಾದ ಮೂರು ಬ್ರೆಡ್ಡು. ಪಕ್ಕದಲ್ಲಿ ಕೈ ಮಡಚಿ ಕುಳಿತ ಆಕೆ ತಲೆ ಎತ್ತಲಿಲ್ಲ. ಮಗಳು ಅಮ್ರಾ ಇಂಗ್ಲಿಷಿನಲ್ಲಿ ವಿವರಿಸಿದಳು: "ಯುದ್ಧ ನನ್ನ ಕೈಯನ್ನೂ ತಿಂದುಹಾಕಿತು ಅಂತಾಳೆ ಅಮ್ಮ. ಇನ್ನು ಮೇಲೆ ಓವನ್ ಮುಟ್ಟೋದೇ ಇಲ್ಲವಂತೆ."

ಒಂದು ಚೂರು ಮುರಿದು ನೋಡಿದೊಡನೆ ರೇಣುಕಾದೇವಿಯವರಿಗೆ ತಿಳಿಯಿತು: ಬಿಳಿ ಹಿಟ್ಟನ್ನು ಆಕೆ ಗೋಧಿಯದೆಂದೇ ನಂಬಿ ನಾದಿದ್ದಳು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ, ಎಷ್ಟು ನಾದಿದರೂ ಅದು ಉಬ್ಬದು ಎಂಬುದು ಆಹಾರತಜ್ಞೆಗೆ ಗೊತ್ತಿಲ್ಲದ್ದೇ? "ಅಯ್ಯ ಯವ್ವಾ, ನಿನ್ನ ಕೈದೇನೂ ತಪ್ಪಿಲ್ಲ! ತಪ್ಪೆಲ್ಲ ನಂದು!" ಎಂದು ಅಪ್ಪಟ ಬಿಜಾಪುರದ ಮಾತಿನಲ್ಲೇ ಕೂಗಿ, ಆಮೇಲೆ ಎಚ್ಚೆತ್ತು ಇಂಗ್ಲಿಷಿನಲ್ಲಿ ಹೇಳಿದರು. ಮುನೀರಾ ನಂಬಲಿಲ್ಲ. ಬರಿ ಸಮಾಧಾನಕ್ಕೆ ಹೇಳುತ್ತಿದ್ದಾರೆಂದು ಆಕೆಯ ಎಣಿಕೆ.

ಬಿಡುವ ಪೈಕಿಯೇ ಇವರು? ಪತಿ ಶರಣಪ್ಪನವರನ್ನು ಅಂಗಡಿಗೆ ಓಡಿಸಿ ಗೋಧಿ ಹಿಟ್ಟು, ಈಸ್ಟು ತರಿಸಿದರು. ಒಲ್ಲೆನೆಂದ ಮುನೀರಾಳ ಕೈ ಹಿಡಿದು ಹಿಟ್ಟಿನೊಳಗೆ ಇಟ್ಟರು. ಸ್ವಲ್ಪ ಹೊತ್ತು ಆ ಕೈ ಸುಮ್ಮನಿತ್ತು, ಮೆಲ್ಲಗೆ ನಾದತೊಡಗಿತು, ಕೊನೆಗೆ ಇವರನ್ನು ಮೊಣಕೈಯಿಂದಲೇ ಆಚೆ ಸರಿಸಿತು. ಹಿಟ್ಟು ಉಬ್ಬಿತು. ಓವನ್ನಿನ ಬಾಗಿಲು ತೆರೆದಾಗ ಬಂದ ಘಮಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾವೂ ಅತ್ತೆವು, ಸುಳ್ಳೇಕೆ ಹೇಳಲಿ.

ಅಂದಿನಿಂದ ರೇಣುಕಾದೇವಿಯವರು ಕೇಳದೆ ಯಾರ ಮನೆಗೂ ಕಾಳು ಕಡ್ಡಿ ಕಳಿಸಿದ್ದಿಲ್ಲ. ವಾಷಿಂಗ್ಟನ್ನಿನ ಸೇವಾಸಂಸ್ಥೆಗಳವರು ಸಲಹೆಗೆಂದು ಕರೆಸಿಕೊಂಡಾಗಲೂ, "ಮೊದಲು ಅವರ ಅಡುಗೆಮನೆಗೆ ಹೋಗಿ ಕೂಡ್ರಿ" ಎಂಬುದೇ ಅವರ ಉಪದೇಶ.

ಭಗವಂತ ಅವರಿಗೆ ಆಯುರಾರೋಗ್ಯ ಕೊಡಲಿ. ನಿವೃತ್ತಿಯ ನೆಪದಲ್ಲಿ ಮನೆಯಲ್ಲಿ ಕೂತರೆ ನಾವಂತೂ ಬಿಡುವವರಲ್ಲ. ಹೇಳಲು ಮರೆತ ಮಾತೊಂದಿದೆ: ಅಂದು ಆ ಮೊದಲ ಬ್ರೆಡ್ಡಿಗೆ ಮನೆಯ ಮಕ್ಕಳು ಕೈ ಚಾಚಿದಾಗ ಮುನೀರಾ ಕೊಡಲಿಲ್ಲ. ಬಿಸಿಬಿಸಿಯಾಗಿಯೇ ಬಟ್ಟೆಯಲ್ಲಿ ಸುತ್ತಿ, ಹಿಂದಿನ ದಿನವಷ್ಟೇ ಬಂದಿಳಿದಿದ್ದ ಪಕ್ಕದ ಮನೆಯವರ ಬಾಗಿಲು ತಟ್ಟಿದಳು.