ಹದಿನೈದು ತಿಂಗಳ ಅಧ್ಯಕ್ಷೆ

ಕೊರೊನಾ ಕಳೆದು ಸರಕಾರಿ ಕಚೇರಿಗಳು ಮೊದಲಿನಂತೆ ನಡೆಯತೊಡಗಿದ್ದ ಕಾಲ. ಕಾರ್ಕಳ ಕಡೆಯಲ್ಲಿದ್ದ ನನ್ನನ್ನು ಕಾಪು ಕಡೆಯ ಒಂದು ಪಟ್ಟಣ ಪಂಚಾಯತಿಗೆ ಮುಖ್ಯಾಧಿಕಾರಿಯಾಗಿ ವರ್ಗ ಮಾಡಿದರು. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಊರಿನ ಹೆಸರು ಬೇಡ. ಅಲ್ಲಿಯವರು ಓದಿದರೆ ತಾವೇ ಗುರುತಿಸಿಕೊಳ್ಳುತ್ತಾರೆ.

ಆ ಊರನ್ನು ರಾಷ್ಟ್ರೀಯ ಹೆದ್ದಾರಿ ಎರಡು ಭಾಗ ಮಾಡಿತ್ತು. ಪಶ್ಚಿಮಕ್ಕೆ ಮೀನುಗಾರರು, ಪೂರ್ವಕ್ಕೆ ಗದ್ದೆಯವರು. ಹೊಳೆಗೆ ಅಡ್ಡಲಾಗಿ ಒಂದು ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಹಾಕಿದರೆ ಕಡಲುಬ್ಬರದ ಉಪ್ಪುನೀರು ಗದ್ದೆಗೆ ನುಗ್ಗುವುದಿಲ್ಲ. ಆದರೆ ನಾಡದೋಣಿಗಳಿಗೆ ಹೊಳೆಯೊಳಗೆ ಬರಲಾಗುವುದಿಲ್ಲ. ಈ ಹಲಗೆಯ ವಿಷಯಕ್ಕೆ ಎರಡೂ ಕಡೆಯವರು ಪ್ರತಿವರ್ಷ ಜಗಳವಾಡಿ ಪೊಲೀಸ್ ಠಾಣೆಯವರೆಗೆ ಹೋಗಿದ್ದರು.

ನಾನು ಹೋದ ಮೇಲೆ ನಡೆದ ಚುನಾವಣೆಯಲ್ಲಿ ಹದಿನೈದು ವಾರ್ಡುಗಳ ಪೈಕಿ ದೊಡ್ಡ ಪಕ್ಷವೊಂದಕ್ಕೆ ಏಳು ಸಿಕ್ಕಿತು. ಮೀನುಗಾರರೇ ಕಟ್ಟಿಕೊಂಡ ಸಣ್ಣ ಪಕ್ಷಕ್ಕೆ ಐದು, ರೈತರ ಸಣ್ಣ ಪಕ್ಷಕ್ಕೆ ಮೂರು. ಯಾರಿಗೂ ಬಹುಮತ ಇಲ್ಲ. ಅಧ್ಯಕ್ಷರ ಆಯ್ಕೆಗೆ ಶಾಸಕರಿಗೂ ಸಂಸದರಿಗೂ ಮತ ಉಂಟು, ಆದರೆ ಅವರಿಬ್ಬರೂ ಸಭೆಗೆ ಬರುವುದಿಲ್ಲವೆಂದು ತಿಳಿಸಿದ್ದರು. ಸಣ್ಣ ಪಕ್ಷಗಳೆರಡೂ ಸೇರಿದರೆ ಎಂಟು. ಆದರೆ ಅವು ಸೇರುತ್ತವೆಂದು ಊರಿನಲ್ಲಿ ಯಾರೂ ನಂಬಿರಲಿಲ್ಲ. ನಾನೂ ನಂಬಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರು ಒಟ್ಟಿಗೆ ನನ್ನ ಕೊಠಡಿಗೆ ಬಂದರು. ಒಬ್ಬರು ವಾರಿಜಕ್ಕ, ಮೀನುಗಾರರ ಪಕ್ಷದ ಸದಸ್ಯೆ. ಬೆಳಗ್ಗೆ ಮಲ್ಪೆಯಲ್ಲಿ ಮೀನು ಕೊಂಡು ತಂದು, ಬುಟ್ಟಿ ಹೊತ್ತು ಪೂರ್ವದ ಮನೆಮನೆಗೆ ಮಾರುತ್ತಿದ್ದವರು. ಇನ್ನೊಬ್ಬರು ಸಂಜೀವಣ್ಣ, ರೈತರ ಪಕ್ಷದ ನಾಯಕ. ಠಾಣೆಯಲ್ಲಿ ಇವರ ಮೇಲೆ ಅವರೂ ಅವರ ಮೇಲೆ ಇವರೂ ದೂರು ಕೊಟ್ಟವರೇ.

“ಸರ್, ನಾವು ಒಂದಾಗಿದ್ದೇವೆ,” ಎಂದರು ಸಂಜೀವಣ್ಣ. “ಅಧ್ಯಕ್ಷರ ಅವಧಿ ಮೂವತ್ತು ತಿಂಗಳು ಅಲ್ವಾ? ಮೊದಲ ಹದಿನೈದು ಅವರಿಗೆ, ಆಮೇಲಿನ ಹದಿನೈದು ನಮ್ಮ ಕಡೆಗೆ. ಇದನ್ನು ಕಾನೂನಿನಲ್ಲಿ ಗಟ್ಟಿ ಮಾಡ್ಲಿಕ್ಕೆ ದಾರಿ ಉಂಟಾ?”

ಇಲ್ಲ ಎಂದೆ. ಅಧಿಕಾರ ಹಂಚಿಕೆಯ ಒಪ್ಪಂದವೆಂಬುದು ಪುರಸಭೆ ಕಾಯ್ದೆಗೆ ಗೊತ್ತೇ ಇಲ್ಲ. ಒಮ್ಮೆ ಆಯ್ಕೆಯಾದವರು ತಾವಾಗಿ ರಾಜೀನಾಮೆ ಕೊಡದಿದ್ದರೆ ಅವಧಿ ಪೂರ್ತಿ ಅವರದೇ. ಅವಿಶ್ವಾಸ ನಿರ್ಣಯಕ್ಕೆ ಮೂವರು ಸದಸ್ಯರ ಬಲ ಯಾತಕ್ಕೂ ಸಾಲದು.

ವಾರಿಜಕ್ಕ ಸಂಜೀವಣ್ಣನ ಕಡೆ ತಿರುಗಿ, “ಕೇಳಿದಿರಲ್ಲ? ನಿಮಗೆ ಧೈರ್ಯ ಉಂಟಾದರೆ ಮಾತ್ರ ಒಪ್ಪಿಕೊಳ್ಳಿ,” ಎಂದರು.

“ಉಂಟು,” ಎಂದರು ಅವರು. ಅಷ್ಟೇ.

ವಾರಿಜಕ್ಕ ಎಂಟು ಕೈಗಳ ಬೆಂಬಲದಿಂದ ಅಧ್ಯಕ್ಷೆಯಾದರು. ಮಳೆಗಾಲ ಮುಗಿಯುತ್ತಲೇ ಅಣೆಕಟ್ಟಿಗೆ ಹಲಗೆ ಹಾಕಿಸಿದರು. ಅವರ ಕಡೆಯವರೇ ಕಚೇರಿಗೆ ಬಂದು ಕೂಗಾಡಿದರು. ವಾರಿಜಕ್ಕ ಸಿಟ್ಟಾಗಲಿಲ್ಲ; ದೋಣಿಗಳನ್ನು ಕಟ್ಟಿ ನಿಲ್ಲಿಸಲು ಅಣೆಕಟ್ಟಿನ ಕೆಳಗೆ ದಕ್ಕೆಗೆ ಜಾಗ ಬೇಕೆಂದು ಸಂಜೀವಣ್ಣನ ಬಾಯಿಂದಲೇ ಸಭೆಯಲ್ಲಿ ಕೇಳಿಸಿದರು. ಗದ್ದೆಯ ನಾಯಕ ಮೀನುಗಾರರ ದಕ್ಕೆಗಾಗಿ ವಾದಿಸುವುದನ್ನು ಕೇಳುತ್ತಾ ನಾನು ನಡಾವಳಿ ಬರೆಯುವುದನ್ನೇ ಮರೆತಿದ್ದೆ. ಜಾಗ ಮಂಜೂರಾಯಿತು. ಆ ವರ್ಷ ಹಲಗೆಗಾಗಿ ಯಾರೂ ಠಾಣೆಗೆ ಹೋಗಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಸಂಜೀವಣ್ಣ ಗದ್ದೆಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮಣಿಪಾಲಕ್ಕೆ ಒಯ್ದರೂ ಉಳಿಯಲಿಲ್ಲ.

ಈಗ ಲೆಕ್ಕ ಏಳಕ್ಕೆ ಏಳು. ಹದಿನೈದು ತಿಂಗಳ ನಂತರದ ಆಯ್ಕೆಯಲ್ಲಿ ಸಮಬಲವಾದರೆ ಚೀಟಿ ಎತ್ತಿ ಅಧ್ಯಕ್ಷರನ್ನು ಆರಿಸಬೇಕು. ಸಂಜೀವಣ್ಣನ ವಾರ್ಡಿಗೆ ಉಪಚುನಾವಣೆ ನಡೆಯಬೇಕಿತ್ತು. ಅದನ್ನು ದೊಡ್ಡ ಪಕ್ಷ ಗೆದ್ದರೆ ಮೈತ್ರಿಯ ಕಥೆ ಅಲ್ಲಿಗೆ ಮುಗಿಯಿತು.

ನಾನು ಸಹಿಗಾಗಿ ಕಡತ ಹಿಡಿದು ಅಧ್ಯಕ್ಷರ ಕೊಠಡಿಗೆ ಹೋದಾಗ ಮೀನುಗಾರರ ಪಕ್ಷದ ಮುಖಂಡ ದಿವಾಕರಣ್ಣ ಅಲ್ಲಿದ್ದರು. ಹಿಂದಿರುಗಲು ನೋಡಿದೆ. ಅವರೇ ಕೂರಲು ಹೇಳಿದರು.

“ನೀವೂ ಕೇಳಿ ಸರ್, ಇದರಲ್ಲಿ ಮುಚ್ಚಿಡುವುದು ಎಂತದೂ ಇಲ್ಲ. ದೊಡ್ಡ ಪಕ್ಷದವರು ಹೇಳಿ ಕಳಿಸಿದ್ದಾರೆ. ಗದ್ದೆಯವರನ್ನು ಬಿಟ್ಟರೆ ಪೂರ್ತಿ ಅವಧಿಗೆ ವಾರಿಜಕ್ಕನೇ ಅಧ್ಯಕ್ಷೆ. ಹನ್ನೆರಡು ಜನರ ಬೆಂಬಲ. ಯಾರ ಹಂಗೂ ಇಲ್ಲ.” ಆಮೇಲೆ ವಾರಿಜಕ್ಕನನ್ನು ನೋಡಿ, “ಸಂಜೀವ ಹೋದ. ಅವನಿಗೆ ಕೊಟ್ಟ ಮಾತೂ ಅವನ ಜೊತೆ ಹೋಯಿತು, ಅಲ್ವಾ?” ಎಂದರು.

“ಮಾತು ಕೊಟ್ಟವಳು ನಾನು, ದಿವಾಕರಣ್ಣ. ನಾನು ಇದ್ದೇನಲ್ಲ,” ಎಂದರು ವಾರಿಜಕ್ಕ.

ದಿವಾಕರಣ್ಣ ಎದ್ದುಹೋದರು. ವಾರಿಜಕ್ಕ ನನ್ನ ಕಡತಕ್ಕೆ ಸಹಿ ಹಾಕಿ ಕೊಟ್ಟರು. ಮೂವತ್ತಕ್ಕೂ ಹೆಚ್ಚು ವರ್ಷ ಸ್ಥಳೀಯ ಸಂಸ್ಥೆಗಳಲ್ಲಿ ದುಡಿದವನು ನಾನು. ಕುರ್ಚಿಗಾಗಿ ರಾತ್ರೋರಾತ್ರಿ ಪಕ್ಷ ಬದಲಿಸಿದವರನ್ನೂ ರೆಸಾರ್ಟಿಗೆ ಹೋಗಿ ಕುಳಿತವರನ್ನೂ ಕಂಡಿದ್ದೆ. ತಾನಾಗಿ ಬಂದ ಕುರ್ಚಿಯನ್ನು ಹೀಗೆ ಒಂದೇ ಮಾತಿನಲ್ಲಿ ದೂರ ಸರಿಸಿದವರನ್ನು ಕಂಡಿರಲಿಲ್ಲ.

ಉಪಚುನಾವಣೆ ಘೋಷಣೆಯಾಯಿತು. ರೈತರ ಪಕ್ಷದಿಂದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ನಿಂತರು. ಪ್ರಚಾರಕ್ಕೆ ಹೊರಟವರು ಮಾತ್ರ ಹೆದ್ದಾರಿಯ ಆಚೆ ಬದಿಯ ಹೆಂಗಸರು. ಅವರಲ್ಲಿ ಮೀನು ಮಾರುವವರಿಗೆ ಪೂರ್ವದ ಪ್ರತಿಮನೆಯ ಹಿತ್ತಿಲ ಬಾಗಿಲೂ ಗೊತ್ತು; ಯಾವ ಮನೆಯಲ್ಲಿ ಬಂಗುಡೆ ತಿನ್ನುತ್ತಾರೆ, ಯಾವ ಮನೆಯ ಸೊಸೆ ಬಾಣಂತಿ ಎಂಬುದೂ ಗೊತ್ತು. ಬುಟ್ಟಿ ಇಳಿಸಿ, “ಮೀನು ನಾಳೆ ತಗೊಳ್ಳಿ, ಮತ ಮಾತ್ರ ಸಂಜೀವಣ್ಣನ ಕಡೆಗೇ ಹಾಕಿ,” ಎನ್ನುತ್ತಿದ್ದರಂತೆ. ದಿವಾಕರಣ್ಣನೂ ಎರಡನೆಯ ವಾರ ಬಂದು ಸೇರಿಕೊಂಡರು. ಹಲಗೆ ಕಿತ್ತ ಕೇಸಿನಲ್ಲಿ ಹಿಂದೆ ಹೆಸರಿದ್ದವರು ಅದೇ ಗದ್ದೆಗಳ ಬದುವಿನ ಮೇಲೆ ನಡೆದು ಮತ ಕೇಳುತ್ತಿದ್ದುದನ್ನು ನಾನು ಜೀಪಿನಿಂದ ಕಣ್ಣಾರೆ ಕಂಡೆ. ಚಾಲಕನಿಗೆ ಗಾಡಿ ನಿಲ್ಲಿಸಲು ಹೇಳಿ ನೋಡುತ್ತಾ ಕುಳಿತೆ.

ಪೋಸ್ಟ್‌ಮ್ಯಾನ್ ಇಪ್ಪತ್ತೊಂದು ಮತಗಳಿಂದ ಗೆದ್ದರು.

ಆದರೂ ರೈತರ ಪಕ್ಷದಲ್ಲಿ ಅಧ್ಯಕ್ಷರಾಗಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹೆಸರು ಬಂದದ್ದು ಶೈಲಾ ಎಂಬ ಟೈಲರ್ ಹುಡುಗಿಯದು. ಮೊದಲ ಬಾರಿಯ ಸದಸ್ಯೆ, ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ. ಅವಳು ವಾರಿಜಕ್ಕನ ಬಳಿ ಬಂದು ಅತ್ತೇಬಿಟ್ಟಳು.

“ಅಕ್ಕ, ನೀವೇ ಇರಿ. ನಾವು ಮೂವರೂ ಸಂತೋಷದಲ್ಲಿ ಹೇಳ್ತಾ ಇದ್ದೇವೆ. ಇದು ಮಾತು ತಪ್ಪಿದ ಹಾಗೆ ಆಗುವುದಿಲ್ಲ.”

“ನಿಮ್ಮ ಮಟ್ಟಿಗೆ ಮಾತು ತಪ್ಪಿದ ಹಾಗೆ ಆಗುವುದಿಲ್ಲ ಮಗಾ. ನಾಳೆ ಮತ್ತೆ ಎರಡು ಸಣ್ಣ ಪಕ್ಷದವರು ಒಟ್ಟಾಗ್ಲಿಕ್ಕೆ ಹೊರಟಾಗ ಜನ ಎಂತ ಹೇಳುವುದು? ಮೊದಲು ಕೂತವರು ಏಳುವುದಿಲ್ಲ ಅಂತ. ಅದಕ್ಕೆ ನಾನು ಕಾರಣ ಆಗುವುದು ಬೇಡ. ಕೆಲಸ ಕಲಿಸ್ಲಿಕ್ಕೆ ಸರ್ ಇದ್ದಾರೆ, ನಾನು ಇದ್ದೇನೆ.”

ಹದಿನೈದನೆಯ ತಿಂಗಳು ತುಂಬಿದ ದಿನ ಅವರು ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಬಸ್ಸಿನಲ್ಲೇ ಹೋಗಿ ರಾಜೀನಾಮೆ ಕೊಟ್ಟು ಬಂದರು. ಕಾರಣ ಕೇಳಿದವರಿಗೆ “ನನ್ನ ಪಾಲು ಮುಗಿಯಿತು” ಎಂದಷ್ಟೇ ಹೇಳಿದರಂತೆ.

ಹೊಸ ಆಯ್ಕೆಯ ಸಭೆಗೆ ತಹಶೀಲ್ದಾರರು ಚುನಾವಣಾಧಿಕಾರಿ. ಶೈಲಾಳ ಹೆಸರು ಕೂಗಿದಾಗ ಮೊದಲು ಎದ್ದ ಕೈ ವಾರಿಜಕ್ಕನದು. ಒಟ್ಟು ಎಂಟು. ಎದುರು ಪಕ್ಷದವರು ವಿರುದ್ಧ ಮತ ಹಾಕಿದರು. ಆದರೆ ಫಲಿತಾಂಶ ಓದಿದ ಮೇಲೆ ಅವರಲ್ಲಿ ಕೆಲವರು ಬಂದು ಕೈಮುಗಿದದ್ದು ಹೊಸ ಅಧ್ಯಕ್ಷೆಗಲ್ಲ, ಹಳೆಯವರಿಗೆ.

ಕಾಯ್ದೆಯಲ್ಲಿ ಬರೆದದ್ದು ಮಾತ್ರ ನಡೆಯುತ್ತದೆ ಎಂದು ನಾನು ಎಷ್ಟೋ ಸದಸ್ಯರಿಗೆ ಹೇಳಿದ್ದೇನೆ. ಆ ಊರಿಗೆ ಹೋಗುವವರೆಗೆ ಅದು ನಿಜವೆಂದೇ ನಂಬಿದ್ದೆ. ಕಾಯ್ದೆಗೆ ಗೊತ್ತೇ ಇಲ್ಲದ ಒಂದು ಮಾತಿನ ಮೇಲೆ ಇಡೀ ಪಂಚಾಯತ್ ಮೂವತ್ತು ತಿಂಗಳು ನಿಂತದ್ದನ್ನು ಅಲ್ಲಿ ನೋಡಿದೆ. ಆಡಳಿತವನ್ನು ಹೊತ್ತು ನಿಲ್ಲಿಸುವವರು ಯಾರೆಂದು ನನ್ನ ವೃತ್ತಿ ನನಗೆ ತೋರಿಸಿಕೊಟ್ಟದ್ದು ಅಷ್ಟು ತಡವಾಗಿ.

ಆ ಆಯ್ಕೆಯ ನಂತರದ ಮೊದಲ ಸಾಮಾನ್ಯ ಸಭೆಯಲ್ಲಿ ವಾರಿಜಕ್ಕ ಹಿಂದಿನ ಸಾಲಿನ ಕುರ್ಚಿಯಲ್ಲಿದ್ದರು. ಸರದಿ ಬಂದಾಗ ಎದ್ದು ನಿಂತು, ಮಗಳ ಪ್ರಾಯದ ಶೈಲಾಳ ಕಡೆ ನೋಡಿ ಹೇಳಿದರು: “ಮಾನ್ಯ ಅಧ್ಯಕ್ಷರೇ, ನನ್ನ ವಾರ್ಡಿನ ಚರಂಡಿಯ ವಿಷಯ ಒಂದು ಉಂಟು. ಮಾತಾಡ್ಲಿಕ್ಕೆ ಅನುಮತಿ ಕೊಡಬೇಕು.”